ಮೂರೂವರೆಯ ಮ್ಯಾಚಿಗೆ ಯಾವ ಪರದೆ? ಕ್ಲಬ್ಬಿನ ಹಾಲ್‌ಗೆ ಪ್ರೊಜೆಕ್ಟರ್ ಆರಿಸುವವರಿಗೆ

2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನಮ್ಮ ವಿಜಯಪುರದ ಹುಡುಗಿ ರಾಜೇಶ್ವರಿ ಗಾಯಕವಾಡ ನ್ಯೂಜಿಲೆಂಡಿನ ಐದು ವಿಕೆಟ್ ಕಿತ್ತಾಗ ನಮ್ಮ ಕ್ಲಬ್ಬಿನಲ್ಲಿ ಇದ್ದದ್ದು 32 ಇಂಚಿನ ಒಂದು ಟಿವಿ. ಕೊಟ್ಟದ್ದು ಬರೇ 15 ರನ್. ಎದುರಾಳಿ 79ಕ್ಕೆ ಆಲೌಟ್, ಭಾರತ ವಿಶ್ವಕಪ್ಪಿನ ಸೆಮಿಫೈನಲ್ಲಿಗೆ. ಇಷ್ಟನ್ನೂ ಕಣ್ಣಾರೆ ಕಂಡವರು ಮುಂದಿನ ಎರಡು ಸಾಲಿನವರು ಮಾತ್ರ. ಹಿಂದಿದ್ದವರು ಮುಂದಿನವರ ಚಪ್ಪಾಳೆ ಕೇಳಿ ತಾವೂ ಚಪ್ಪಾಳೆ ತಟ್ಟಿ, ಆಮೇಲೆ "ಯಾರು ಔಟಾದ್ರೀ?" ಅಂತ ಕೇಳುತ್ತಿದ್ದರು.

ದೊಡ್ಡ ಪರದೆ ಬೇಕೆಂಬ ಮಾತು ಶುರುವಾದದ್ದು ಅವತ್ತು. ತಂದದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಒಮ್ಮೆ ದುಡ್ಡು ಕಳಕೊಂಡ ನಂತರ. ಖಜಾಂಚಿ ಎಂದು ಆ ಬಿಲ್ಲಿಗೆ ಸಹಿ ಮಾಡಿದವನು ನಾನೇ. ಈಗ ಬೇರೆ ಕ್ಲಬ್ಬಿನವರು, ಗಣೇಶ ಮಂಡಳಿಯ ಹುಡುಗರು ಬಂದು "ಯಾವ ಪ್ರೊಜೆಕ್ಟರ್ ತಗೊಳ್ಳೋಣ್ರಿ?" ಎಂದಾಗ ನಾನು ಕಂಪನಿಯ ಹೆಸರು ಹೇಳುವುದಿಲ್ಲ. "ನಿಮ್ಮ ಹಾಲ್‌ನಾಗ ಮಧ್ಯಾಹ್ನ ಮೂರೂವರಿಗೆ ದೀಪ ಹಚ್ಚದ ಪೇಪರ್ ಓದಾಕ ಬರತೈತೇನು?" ಅಂತ ತಿರುಗಿ ಕೇಳುತ್ತೇನೆ.

ಐಪಿಎಲ್‌ನಲ್ಲಿ ಒಂದೇ ದಿನ ಎರಡು ಪಂದ್ಯ ಬಿದ್ದರೆ ಮೊದಲನೆಯದು ಮೂರೂವರೆಗೆ. ಇಂಗ್ಲೆಂಡಿನಲ್ಲಿ ಟೆಸ್ಟ್ ಶುರುವಾಗುವುದೂ ನಮ್ಮ ಗಡಿಯಾರದಲ್ಲಿ ಅದೇ ಹೊತ್ತಿಗೆ. ನಮ್ಮಲ್ಲಿನ ಹಗಲು-ರಾತ್ರಿ ಏಕದಿನ ಪಂದ್ಯಗಳು ಇನ್ನೂ ಮುಂಚೆ, ಒಂದೂವರೆಗೆ. ಏಪ್ರಿಲ್‌ನಲ್ಲಿ ವಿಜಯಪುರದಲ್ಲಿ ಹೊತ್ತು ಮುಳುಗುವಾಗ ಆರೂಮುಕ್ಕಾಲರ ಆಸುಪಾಸು. ಅಂದಮೇಲೆ ರಾತ್ರಿ ಏಳೂವರೆಯ ಪಂದ್ಯಕ್ಕೆ ಸುಮಾರಾದ ಪ್ರೊಜೆಕ್ಟರೂ ನಡೆದೀತು. ದುಡ್ಡು ಹಾಕುವವರು ಮೂರೂವರೆಯ ಮ್ಯಾಚನ್ನು ಎದುರಿಗೆ ಇಟ್ಟುಕೊಂಡು ಹಾಕಬೇಕು.

ಡಬ್ಬದ ಮೇಲಿನ ಲ್ಯೂಮೆನ್, ಗೋಡೆಯ ಮೇಲಿನ ಲಕ್ಸ್

ನಮ್ಮದು ಹಳೆ ಕಲ್ಲಿನ ಕಟ್ಟಡ. ಹಾಲ್ 30 ಅಡಿ ಉದ್ದ, 20 ಅಡಿ ಅಗಲ, ಫರಸಿ ನೆಲ, ಪಡುವಣಕ್ಕೆ ಮೂರು ಕಿಟಕಿ, ಮೇಲೊಂದು ಬೆಳಕಿಂಡಿ. ಕೆರಂ ಆಡುವವರಿಗೆ ಸ್ವರ್ಗ, ಪ್ರೊಜೆಕ್ಟರಿಗೆ ನರಕ. ಇದನ್ನು ಯೋಚಿಸದೆ ನಾವು ಆನ್‌ಲೈನ್‌ನಲ್ಲಿ ಒಂದು ಡಬ್ಬ ತರಿಸಿದೆವು. ಮೇಲೆ ದಪ್ಪಕ್ಷರದಲ್ಲಿ 12,000 ಲ್ಯೂಮೆನ್ (ಯಂತ್ರ ಹೊರಚೆಲ್ಲುವ ಬೆಳಕಿನ ಅಳತೆ), ಒಳಗೆ ಅಂಗೈಯಗಲದ ಎಲ್‌ಇಡಿ ಪ್ರೊಜೆಕ್ಟರ್. ಭಾನುವಾರ ಮಧ್ಯಾಹ್ನ ಐವತ್ತು ಮಂದಿ ಸೇರಿದರು, ಚುರುಮುರಿ ಬಂತು, ಚಿತ್ರ ಬರಲಿಲ್ಲ. ಬಂತು ಅನ್ನಬೇಕು, ಆದರೆ ಗೋಡೆಯಿಂದ ಬೇರೆ ಮಾಡಿ ನೋಡಲು ಆಗಲಿಲ್ಲ.

"ಬಾಲ್ ಎಲ್ಲೈತೋ ತಮ್ಮಾ?" ಅಂದರು ನಿವೃತ್ತ ಮಾಸ್ತರರಾದ ನಮ್ಮ ಕಾಕಾ.

"ಅಲ್ಲೇ ಬೌಂಡ್ರಿ ಕಡೆ ಹೊಂಟೈತಿ ನೋಡ್ರಿ ಕಾಕಾ."

"ಅದು ಆಗಿಂದ ಅಲ್ಲೇ ಐತಲ್ಲೋ!"

ಎದ್ದು ಹೋಗಿ ಮುಟ್ಟಿ ನೋಡಿದರೆ ಹಳೆ ಕ್ಯಾಲೆಂಡರ್ ತೂಗು ಹಾಕಿದ್ದ ಮೊಳೆ.

ಆಮೇಲೆ ಕುಳಿತು ಲೆಕ್ಕ ಕಲಿತೆ. ಸಣ್ಣ ಲೆಕ್ಕವೇ. ಪ್ರೊಜೆಕ್ಟರಿನ ಲ್ಯೂಮೆನ್ ಅನ್ನು ಪರದೆಯ ಚದರ ಮೀಟರಿನಿಂದ ಭಾಗಿಸಿದರೆ ಪರದೆಯ ಮೇಲೆ ಬೀಳುವ ಬೆಳಕು ಲಕ್ಸ್‌ನಲ್ಲಿ ಸಿಗುತ್ತದೆ. 120 ಇಂಚಿನ ಪರದೆ ಎಂದರೆ ಅಗಲ 8.7 ಅಡಿ, ಎತ್ತರ 4.9 ಅಡಿ, ಹೆಚ್ಚುಕಡಿಮೆ 4 ಚದರ ಮೀಟರ್. ಅಂಥ ಅಂಗೈಯಗಲದ ಯಂತ್ರ ನಿಜವಾಗಿ ಕೊಡುವುದು 300 ಲ್ಯೂಮೆನ್ ಎಂದುಕೊಳ್ಳಿ, ಗೋಡೆಗೆ ಸಿಕ್ಕದ್ದು 75 ಲಕ್ಸ್. ಅದೇ ಗೋಡೆಗೆ ಕಿಟಕಿಯಿಂದ ಬರುತ್ತಿದ್ದ ಬೆಳಕನ್ನು ಫೋನಿನ ಲಕ್ಸ್ ಮೀಟರ್ ಆ್ಯಪ್‌ನಲ್ಲಿ ಅಳೆದೆ. ಆ್ಯಪ್ ಕರಾರುವಾಕ್ಕಲ್ಲ, ಆದರೂ 200ರ ಆಚೀಚೆ ತೋರಿಸಿತು. ಸೂರ್ಯ ಎರಡೂವರೆ ಪಾಲು ಮುಂದಿದ್ದ.

ಪ್ರೊಜೆಕ್ಟರ್ ಕಪ್ಪನ್ನು ಎಸೆಯಲಾರದು, ಇದು ಅಂಗಡಿಯವರು ಹೇಳದ ಮಾತು. ಅದು ಬೆಳಕನ್ನಷ್ಟೇ ಎಸೆಯುತ್ತದೆ. ಯಂತ್ರ ಆಫ್ ಇದ್ದಾಗ ನಿಮ್ಮ ಗೋಡೆ ಎಷ್ಟು ಬೆಳ್ಳಗೆ ಕಾಣುತ್ತದೋ, ಚಿತ್ರದಲ್ಲಿನ ಕಪ್ಪು ಅಷ್ಟೇ ಬೆಳ್ಳಗೆ ಕಾಣುತ್ತದೆ. ಸ್ಟೇಡಿಯಮ್ಮಿನ ರಾತ್ರಿ ಆಕಾಶ, ಭಾರತದ ಕಡುನೀಲಿ ಜೆರ್ಸಿ, ಎಲ್ಲವೂ ಗೋಡೆಯ ಬಣ್ಣಕ್ಕೆ ತಿರುಗುತ್ತವೆ.

ಈಗ ಎರಡು ದಾರಿ ಹೋಲಿಸಿ. 3,000 ಲ್ಯೂಮೆನ್ನಿನ ಒಳ್ಳೆ ಪ್ರೊಜೆಕ್ಟರ್ 120 ಇಂಚಿಗೆ ಸುಮಾರು 750 ಲಕ್ಸ್ ಕೊಡುತ್ತದೆ. ಹಾಲ್‌ನ ಬೆಳಕು 200 ಇದ್ದರೆ ಅತಿ ಬೆಳಗುವ ಭಾಗ ಅತಿ ಕಪ್ಪು ಭಾಗದ 5 ಪಟ್ಟೂ ಆಗುವುದಿಲ್ಲ. ಚಿತ್ರ ತೊಳೆದ ಬಟ್ಟೆಯ ಹಾಗೆ. ದುಪ್ಪಟ್ಟು ದುಡ್ಡು ಕೊಟ್ಟು 6,000 ಲ್ಯೂಮೆನ್ ತಂದರೆ ಅದು ಎಂಟೂವರೆ ಪಟ್ಟಾಗುತ್ತದೆ. ಅದರ ಬದಲು ಕಿಟಕಿಗೆ ದಪ್ಪ ಬಟ್ಟೆ ಹೊಲಿಸಿ ಹಾಲ್‌ನ ಬೆಳಕನ್ನು 50ಕ್ಕೆ ಇಳಿಸಿದರೆ? ಅದೇ 3,000 ಲ್ಯೂಮೆನ್ನಿನಲ್ಲಿ 16 ಪಟ್ಟು. ನೋಡಲು ಹಿತ ಅನ್ನಿಸಬೇಕಾದರೆ 10 ಪಟ್ಟಾದರೂ ಬೇಕು. ಅಂದರೆ ಮೊದಲ ಖರ್ಚು ಟೇಲರನಿಗೆ, ಎರಡನೆಯದು ಪ್ರೊಜೆಕ್ಟರ್ ಅಂಗಡಿಗೆ. ನಾವು ಕಿಟಕಿಗೆ ಎರಡು ಪದರದ ಕಡುಹಸಿರು ಬಟ್ಟೆ ಹಾಕಿಸಿದೆವು, ಬೆಳಕಿಂಡಿಗೆ ಜಾರಿಸಿ ತೆಗೆಯುವ ಪ್ಲೈವುಡ್ ಹಲಗೆ.

ಡಬ್ಬದ ಮೇಲೆ ಬರೀ "ಲ್ಯೂಮೆನ್" ಎಂದಿದ್ದರೆ ಕೆಳಗಿಡಿ. "ಆನ್ಸಿ ಲ್ಯೂಮೆನ್" ಅಥವಾ "ಐಎಸ್‌ಒ 21118" ಎಂದಿರಬೇಕು; ಬೆಳಕನ್ನು ಒಪ್ಪಿತ ಪದ್ಧತಿಯಲ್ಲಿ ಅಳೆದಿದ್ದಾರೆ ಎಂದು ಅದರ ಅರ್ಥ. ಹಾಗೇ "1080ಪಿ ಸಪೋರ್ಟ್" ಎಂದರೆ ಆ ಚಿತ್ರವನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂದಷ್ಟೇ ಅರ್ಥ, ಅಷ್ಟು ಚುಕ್ಕೆ ತೋರಿಸುತ್ತದೆ ಎಂದಲ್ಲ. "ನೇಟಿವ್ 1920×1080" ಎಂಬುದನ್ನು ಹುಡುಕಿ. ಕಾಲೇಜಿನಿಂದ ಸೆಕೆಂಡ್ ಹ್ಯಾಂಡಿನಲ್ಲಿ ಬರುವ 1024×768ರ ಯಂತ್ರಗಳು ಪಾಠಕ್ಕೆ ಸರಿ. ಅವುಗಳಲ್ಲಿ ಸ್ಕೋರಿನ ಪಟ್ಟಿ ಓದುವಾಗ ಕಣ್ಣು ಕಿರಿದಾಗುತ್ತದೆ. 4ಕೆ ಬೇಕೇ? ಡಿಟಿಎಚ್‌ನಲ್ಲಿ ಬರುವ ಪಂದ್ಯಗಳು ಬಹುತೇಕ 1080 ಸಾಲಿನವು. ಆ ದುಡ್ಡನ್ನು ಬೆಳಕಿಗೆ ಹಾಕಿ.

ಇನ್ನೊಂದು ಸಣ್ಣ ಮೋಸ ಎಲ್ಲ ಕಂಪನಿಗಳದ್ದೂ: ಬರೆದ ಲ್ಯೂಮೆನ್ ಅವರ ಅತಿ ಬೆಳಗುವ ಮೋಡಿನದು. ಆ ಮೋಡಿನಲ್ಲಿ ಅನೇಕ ಯಂತ್ರಗಳ ಚಿತ್ರ ಹಸಿರುಗಟ್ಟಿ, ಅಂಪೈರಿನ ಮುಖ ಕಾಯಿಪಲ್ಯೆಯ ಬಣ್ಣಕ್ಕೆ ಬರುತ್ತದೆ. ಬಣ್ಣ ಸರಿ ಮಾಡಿಕೊಂಡರೆ ಬೆಳಕು ಸಾಕಷ್ಟು ತಗ್ಗುತ್ತದೆ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚಿನದನ್ನೇ ತರಬೇಕಾದದ್ದು ಇದಕ್ಕಾಗಿ.

ನಿಜವಾಗಿ ಪ್ರೊಜೆಕ್ಟರ್ ಬೇಕೇ?

ಪ್ರೊಜೆಕ್ಟರ್ ಕೊಳ್ಳಲು ಬಂದವರಲ್ಲಿ ಅರ್ಧಕ್ಕರ್ಧ ಜನಕ್ಕೆ ದೊಡ್ಡ ಟಿವಿ ಸಾಕು ಅಂತ ನನ್ನ ಲೆಕ್ಕ. ಕೊನೆಯ ಸಾಲಿನವನು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಕೂರಬಾರದು. 65 ಇಂಚಿನ ಟಿವಿ 16 ಅಡಿಗೆ ಸರಿ, 75 ಇಂಚಿನದು 18 ಅಡಿಗೆ, 85 ಇಂಚಿನದು 21 ಅಡಿಗೆ, 98 ಇಂಚಿನದು 24 ಅಡಿಗೆ. 120 ಇಂಚಿನ ಪರದೆ 29-30 ಅಡಿಯವರೆಗೂ ನಡೆಯುತ್ತದೆ. ನಿಮ್ಮ ಹಾಲ್ 20 ಅಡಿ ಆಳದ್ದಾದರೆ, ಕಿಟಕಿ ಮುಚ್ಚುವ ಮನಸ್ಸಿಲ್ಲದಿದ್ದರೆ, ಹಿಂದಿನ ಮೂಲೆಯಲ್ಲಿ ಇಸ್ಪೀಟು ಆಡುವವರು ದೀಪ ಆರಿಸಲು ಬಿಡದಿದ್ದರೆ 85 ಇಂಚಿನ ಟಿವಿ ತನ್ನಿ. ಟಿವಿಯ ಕಪ್ಪು ಹಗಲಲ್ಲೂ ಕಪ್ಪಾಗೇ ಇರುತ್ತದೆ. ಧೂಳಿನ ಕಾಟ ಇಲ್ಲ, ಫ್ಯಾನಿನ ನೆರಳಿಲ್ಲ.

ಟಿವಿಗೆ ಸೋಲುಗಳೂ ಇವೆ. 98 ಇಂಚಿನದಕ್ಕೆ ನಾವು ಕೇಳಿದ ದರ ಒಳ್ಳೆ ಲ್ಯಾಂಪ್ ಪ್ರೊಜೆಕ್ಟರಿನ ಎರಡು ಪಟ್ಟಿಗಿಂತ ಹೆಚ್ಚಿತ್ತು. ಅಷ್ಟು ದೊಡ್ಡ ಡಬ್ಬ ನಮ್ಮ ಮೆಟ್ಟಿಲಿನ ತಿರುವಿನಲ್ಲಿ ತಿರುಗುತ್ತಲೂ ಇರಲಿಲ್ಲ. ಟೇಪ್ ಹಿಡಿದು ನೋಡಿದ ಮೇಲೆ ಆ ವಿಚಾರ ಬಿಟ್ಟೆವು. ಗಣೇಶ ಚೌತಿಗೆ ಹೊರಗೆ ಒಯ್ಯುವ ಮಾತಂತೂ ಇಲ್ಲ. ಪ್ರೊಜೆಕ್ಟರನ್ನು ಚೀಲದಲ್ಲಿ ಹಾಕಿ ಸ್ಕೂಟರ್ ಮೇಲೆ ಒಯ್ಯಬಹುದು. ಎಲ್‌ಇಡಿ ವಾಲ್ ಎಂಬ ಮೂರನೆಯದೂ ಇದೆ. ಬಿಸಿಲಲ್ಲೂ ನಡೆಯುವುದು ಅದೊಂದೇ. ವರ್ಷಕ್ಕೆ ಒಂದೆರಡು ಫೈನಲ್ಲಿಗೆ ಮದುವೆ ಮಂಟಪದವರಿಂದ ಬಾಡಿಗೆಗೆ ತರಿಸಿ, ಕೊಳ್ಳಬೇಡಿ.

ಅಂದಹಾಗೆ, 2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರಿಗೂ ದೊಡ್ಡ ಟಿವಿಗೂ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆ ಕೊಟೇಶನ್ ಇದ್ದರೆ ಹರಿದು ಹೊಸದು ತರಿಸಿ.

ಫ್ಯಾನು ಹಿಡಿದ ಕ್ಯಾಚು

ಟೇಪ್ ಇಲ್ಲದೆ ಅಂಗಡಿಗೆ ಹೋಗಬೇಡಿ. ಸಾಧಾರಣ ಪ್ರೊಜೆಕ್ಟರನ್ನು ಪರದೆಯ ಅಗಲದ ಒಂದೂವರೆ ಪಟ್ಟು ದೂರದಲ್ಲಿ ಇಡಬೇಕು; 120 ಇಂಚಿಗೆ ಅದು 13 ಅಡಿ. ನಮ್ಮಲ್ಲಿ ಆ 13 ಅಡಿಯ ನಡುವೆ ಒಂದು ಸೀಲಿಂಗ್ ಫ್ಯಾನ್ ಇತ್ತು. ಬಾಡಿಗೆಗೆ ತಂದ ಪ್ರೊಜೆಕ್ಟರ್ ಮೇಲೆ ಕಟ್ಟಿ ನೋಡಿದ ದಿನ, ಎತ್ತಿ ಹೊಡೆದ ಚೆಂಡು ಪರದೆಯ ಮೇಲ್ಭಾಗಕ್ಕೆ ಬಂದಾಗಲೆಲ್ಲ ಫ್ಯಾನಿನ ನೆರಳು ಅದನ್ನು ಕ್ಯಾಚ್ ಹಿಡಿಯುತ್ತಿತ್ತು. ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಎಂದು ಹೇಳುವ ಧೈರ್ಯ ಅಧ್ಯಕ್ಷರಿಗೂ ಇರಲಿಲ್ಲ. ಅದೊಂದನ್ನು ಬಿಚ್ಚಿ ಎರಡು ಗೋಡೆ ಫ್ಯಾನ್ ಹಾಕಿಸಿದೆವು.

ಬಿಚ್ಚಲು ಬಾರದ ಕಡೆ ಶಾರ್ಟ್ ಥ್ರೋ ಯಂತ್ರ ನೋಡಿ. ಅದರ ಥ್ರೋ ರೇಶಿಯೋ, ಅಂದರೆ ದೂರ ಪರದೆಯ ಅಗಲದ ಎಷ್ಟು ಪಟ್ಟು ಎಂಬುದು, 0.5 ಇದ್ದರೆ ನಾಲ್ಕೂವರೆ ಅಡಿಯಲ್ಲೇ 120 ಇಂಚು ಕೊಡುತ್ತದೆ, ಚಹಾ ತರಲು ಎದ್ದವನ ನೆರಳೂ ಪರದೆಗೆ ಬೀಳದು. ಗೋಡೆಯ ಬುಡದಲ್ಲೇ ಇಡುವ ಅಲ್ಟ್ರಾ ಶಾರ್ಟ್ ಥ್ರೋ ಚೆಂದದ್ದು, ಆದರೆ ಬೆಳಕು ಗೋಡೆಯನ್ನು ಸವರಿಕೊಂಡು ಏರುವುದರಿಂದ ಗಾರೆಯ ಪ್ರತಿ ಉಬ್ಬುತಗ್ಗಿಗೂ ನೆರಳು ಹುಟ್ಟುತ್ತದೆ. ಸುತ್ತಿ ಇಳಿಸುವ ಬಟ್ಟೆಯ ಪರದೆಯಲ್ಲಿ ಪಿಚ್ ಅಲೆಯಾಗಿ ಕಾಣುತ್ತದೆ. ಅದಕ್ಕೆಂದೇ ಇರುವ ಬಿಗಿ ಪರದೆಯ ದರ ಕೇಳಿದ ಮೇಲೆ ನಮ್ಮ ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಪರದೆಯ ಬಗ್ಗೆ ನನ್ನದು ಜಿಪುಣ ಸಲಹೆ. ಗೋಡೆಗೆ ಪುಟ್ಟಿ ಹಚ್ಚಿ, ಮರಳುಕಾಗದ ಉಜ್ಜಿ, ಹೊಳಪಿಲ್ಲದ ಬಿಳಿ ಬಣ್ಣ ಎರಡು ಕೋಟು ಹೊಡೆಸಿ, ಸುತ್ತ ನಾಲ್ಕು ಇಂಚಿನ ಕಪ್ಪು ಅಂಚು ಬಿಡಿ. ಫ್ಲೆಕ್ಸ್ ಬ್ಯಾನರ್ ತಿರುಗಿಸಿ ಕಟ್ಟಿದರೆ ನಡುವೆ ಹೊಳಪಿನ ಚುಕ್ಕೆ ಬೀಳುತ್ತದೆ. ಬಿಳಿ ಪಂಚೆಯಲ್ಲಿ ಬೆಳಕು ಸೋರಿ ಆಚೆಗೆ ಹೋಗುತ್ತದೆ. ಮೊಳೆ ಕೀಳಲು ಮರೆಯಬೇಡಿ.

ಡಿಎಲ್‌ಪಿಯೋ, ತ್ರೀ-ಎಲ್‌ಸಿಡಿಯೋ

ಪ್ರೊಜೆಕ್ಟರಿನೊಳಗೆ ಚಿತ್ರ ಹುಟ್ಟಿಸುವ ಎರಡು ಬಗೆ ಇವು. ಇಲ್ಲಿ ಕ್ರಿಕೆಟ್ಟೇ ತೀರ್ಪು ಕೊಡುತ್ತದೆ. ಒಂದೇ ಚಿಪ್ಪಿನ ಡಿಎಲ್‌ಪಿ ಯಂತ್ರದಲ್ಲಿ ಸಾಮಾನ್ಯವಾಗಿ ಒಂದು ಬಣ್ಣದ ಚಕ್ರ ತಿರುಗುತ್ತಿರುತ್ತದೆ. ಕೆಂಪು, ಹಸಿರು, ನೀಲಿ ಚಿತ್ರಗಳು ಒಂದರ ಹಿಂದೊಂದು ಬಂದು ಕಣ್ಣಿನಲ್ಲಿ ಬೆರೆಯುತ್ತವೆ. ಕಪ್ಪು ಆಕಾಶದಲ್ಲಿ ಬಿಳಿ ಚೆಂಡು ಓಡುವಾಗ ನಿಮ್ಮ ಕಣ್ಣೂ ಅದರ ಹಿಂದೆ ಓಡುತ್ತದೆ, ಆಗ ಬಣ್ಣಗಳು ಬಿಡಿಸಿಕೊಂಡು ಚೆಂಡಿಗೆ ಕಾಮನಬಿಲ್ಲಿನ ಬಾಲ ಬರುತ್ತದೆ. ಎಲ್ಲರಿಗೂ ಕಾಣುವುದಿಲ್ಲ. ನನಗೆ ಕಾಣಲಿಲ್ಲ, ಕಾರ್ಯದರ್ಶಿಗೆ ಹತ್ತು ನಿಮಿಷದಲ್ಲಿ ತಲೆ ಹಿಡಿಯಿತು. ಚಕ್ರದಲ್ಲಿ ಬಿಳಿ ತುಂಡೊಂದು ಇದ್ದರೆ ಬಿಳುಪು ಜೋರು, ಮೈದಾನದ ಹಸಿರು ಮಂಕು. ತ್ರೀ-ಎಲ್‌ಸಿಡಿಯಲ್ಲಿ ಮೂರು ಬಣ್ಣ ಒಟ್ಟಿಗೇ ಬರುತ್ತವೆ, ಬಾಲವಿಲ್ಲ, ಹಸಿರು ತುಂಬಿ ಬರುತ್ತದೆ.

ಹಾಗಾದರೆ ತ್ರೀ-ಎಲ್‌ಸಿಡಿಯೇ ಸೈ ಅನ್ನೋಣವೆಂದರೆ ನಮ್ಮ ಊರಿನ ಧೂಳು ಅಡ್ಡ ಬರುತ್ತದೆ. ಅದರ ಒಳಗೆ ಗಾಳಿ ಆಡಬೇಕು, ಗಾಳಿಗೆ ಫಿಲ್ಟರ್ ಬೇಕು, ಫಿಲ್ಟರ್ ಕಟ್ಟಿಕೊಂಡರೆ ಯಂತ್ರ ಕಾದು ತಾನೇ ಆರುತ್ತದೆ. ಆ ಬಾಡಿಗೆ ಪ್ರೊಜೆಕ್ಟರ್ ಹದಿನೇಳನೇ ಓವರಿನಲ್ಲಿ ಆರಿದಾಗ ಫಿಲ್ಟರ್ ಎಳೆದು ನೋಡಿದೆವು: ಕರಿಮಣ್ಣಿನ ಬಣ್ಣದ, ಹಾಸಿಗೆಯ ಹತ್ತಿಯಂಥ ಪದರ. ಹೆಚ್ಚಿನ ಪ್ರೊಜೆಕ್ಟರ್‌ಗಳ ಕೈಪಿಡಿಯಲ್ಲಿ ಕೆಲಸದ ಉಷ್ಣತೆಯ ಮಿತಿ 35 ಇಲ್ಲವೇ 40 ಡಿಗ್ರಿ ಅಂತ ಇರುತ್ತದೆ. ಏಪ್ರಿಲ್-ಮೇ ಹಗಲು ನಮ್ಮಲ್ಲಿ 40 ದಾಟುವುದು ಸುದ್ದಿಯೇ ಅಲ್ಲ, ಐಪಿಎಲ್ ನಡೆಯುವುದೂ ಆವಾಗಲೇ. ತಗಡಿನ ಛಾವಣಿಗೆ ಅಂಟಿಸಿ ಕಟ್ಟಿದರೆ ಹಾಲ್‌ನ ಅತಿ ಬಿಸಿ ಗಾಳಿ ಅದರ ಪಾಲಿಗೆ. ಎರಡು ಅಡಿ ಕೆಳಗೆ ತೂಗುಬಿಡಿ. ಡಿಎಲ್‌ಪಿಯಲ್ಲಿ ಚಿಪ್ಪಿನ ಭಾಗಕ್ಕೆ ಧೂಳು ಹೋಗುವುದು ಕಡಿಮೆ, ಹಲವಕ್ಕೆ ಫಿಲ್ಟರೇ ಇರುವುದಿಲ್ಲ. ಹಿಟ್ಟಿನ ಗಿರಣಿಯ ಪಕ್ಕ, ಮಣ್ಣಿನ ರಸ್ತೆಯ ಪಕ್ಕ ಇರುವ ಕ್ಲಬ್ಬು, ಸ್ವಚ್ಛ ಮಾಡುವವರು ಯಾರೂ ಇಲ್ಲ ಎಂದಾದರೆ ಡಿಎಲ್‌ಪಿಯೇ ಸುಖ. ನಾವು ತ್ರೀ-ಎಲ್‌ಸಿಡಿ ತಂದೆವು. ಐಪಿಎಲ್ ತಿಂಗಳುಗಳಲ್ಲಿ ಪ್ರತಿ ಸೋಮವಾರ ಫಿಲ್ಟರ್ ಜಾಡಿಸುವುದು ಒಬ್ಬರ ಹೆಸರಿಗೆ ಬರೆದಿಟ್ಟಿದೆ.

ಲ್ಯಾಂಪು, ಲೇಸರು, ಕರೆಂಟು

ಪ್ರೊಜೆಕ್ಟರಿನ ಬೆಳಕು ಲ್ಯಾಂಪಿನದಿರಬಹುದು, ಲೇಸರಿನದೂ ಇರಬಹುದು. ಅಂಗಡಿಯವರು ಲೇಸರಿನ 20,000 ಗಂಟೆಯ ಆಯುಷ್ಯವನ್ನು ಹಾಡಿ ಹೊಗಳುತ್ತಾರೆ. ನಿಮ್ಮ ಗಂಟೆ ಎಣಿಸಿ. 2025ರ ಐಪಿಎಲ್‌ನಲ್ಲಿ 74 ಪಂದ್ಯ. ಒಂದಕ್ಕೆ ನಾಲ್ಕು ಗಂಟೆ ಹಿಡಿದರೂ 300 ಗಂಟೆಯೊಳಗೆ. ಭಾರತದ ಪಂದ್ಯ, ಕಬಡ್ಡಿ, ಒಂದಿಷ್ಟು ಫುಟ್‌ಬಾಲ್ ಸೇರಿಸಿ 800 ಅನ್ನಿ. 5,000 ಗಂಟೆಯ ಲ್ಯಾಂಪ್ ಆರು ವರ್ಷ ಬಂತು. ಲೇಸರ್ 25 ವರ್ಷ ಬಂದೀತು, ಅಷ್ಟರಲ್ಲಿ ಕಮಿಟಿಯೇ ಎಷ್ಟು ಸಲ ಬದಲಾಗಿರುತ್ತದೋ. ಆಯುಷ್ಯ ನೋಡಿ ಲೇಸರ್ ಕೊಳ್ಳಬೇಡಿ.

ಕೊಳ್ಳುವುದಾದರೆ ಕರೆಂಟು ನೋಡಿ ಕೊಳ್ಳಿ. ಕರೆಂಟ್ ಹೋಗಿ ಬಂದರೆ ಲೇಸರ್ ತಕ್ಷಣ ಹತ್ತುತ್ತದೆ. ಬಿಸಿ ಲ್ಯಾಂಪು ತಣಿಯುವ ತನಕ ಮತ್ತೆ ಹತ್ತುವುದಿಲ್ಲ. ಐದು ನಿಮಿಷ ಅಂದರೆ ಒಂದು ಓವರ್ ಹೋಯಿತು. ಮಾರನೇ ದಿನವೂ ಜನ ಅದೇ ಓವರಿನ ಬಗ್ಗೆ ಮಾತಾಡುತ್ತಾರೆ. ಹಾಗೆ ಗಕ್ಕನೆ ಆರಿಸುವುದು ಲ್ಯಾಂಪಿಗೂ ಒಳ್ಳೆಯದಲ್ಲ. ನಾವು ಲ್ಯಾಂಪ್ ಯಂತ್ರವನ್ನೇ ತಂದು, ಉಳಿದ ದುಡ್ಡಿನಲ್ಲಿ ಪ್ಯೂರ್ ಸೈನ್ ವೇವ್ ಇನ್ವರ್ಟರ್ (ಲೈನಿನ ಕರೆಂಟಿನಂತೆಯೇ ನಯವಾದ ಕರೆಂಟ್ ಕೊಡುವಂಥದ್ದು) ಹಾಕಿಸಿದೆವು. ಪ್ರೊಜೆಕ್ಟರ್ 300 ವ್ಯಾಟಿನ ಸುತ್ತ ಎಳೆಯುತ್ತದೆ, ಸೆಟ್ ಟಾಪ್ ಬಾಕ್ಸ್ ಏನೂ ಅಲ್ಲ. 2025ರ ನವೆಂಬರ್ 2ರ ಮಹಿಳಾ ವಿಶ್ವಕಪ್ ಫೈನಲ್ ಮಳೆಯಿಂದಾಗಿ ಸಂಜೆ ಐದಕ್ಕೆ ಶುರುವಾಗಿ ನಡುರಾತ್ರಿಯ ಹೊತ್ತಿಗೆ ಮುಗಿದಾಗ ನಮ್ಮಲ್ಲಿ ಎರಡು ಸಲ ಕರೆಂಟ್ ಹೋಯಿತು. ಭಾರತ 52 ರನ್ನಿನಿಂದ ಗೆದ್ದಿತು, ಒಂದು ಎಸೆತವೂ ತಪ್ಪಲಿಲ್ಲ.

ಚಿತ್ರ ಎಲ್ಲಿಂದ ಬರುತ್ತದೆ

ಹಗ್ಗದ ಮೇಲೆ ನಿಂತಂಥ ಕೊನೆಯ ಓವರಿನಲ್ಲಿ ಎದುರಿನ ಚಹಾದಂಗಡಿಯಿಂದ "ಹೋ" ಎಂದು ಕೂಗು ಬಂದರೆ ನಿಮ್ಮ ಪಂದ್ಯ ಮುಗಿದಂತೆ. ಮೊಬೈಲ್ ಆ್ಯಪ್‌ನ ಪ್ರಸಾರ ಡಿಟಿಎಚ್‌ಗಿಂತ ಸಾಮಾನ್ಯವಾಗಿ ಹಿಂದೆ ಬೀಳುತ್ತದೆ, ಕೆಲವೊಮ್ಮೆ ಅರ್ಧ ನಿಮಿಷ. ಅದಕ್ಕೆ ಎಚ್‌ಡಿ ಸೆಟ್ ಟಾಪ್ ಬಾಕ್ಸ್ ಮೊದಲು, ಆ್ಯಪ್ ಆಮೇಲೆ. ಒಳಗೇ ಆಂಡ್ರಾಯ್ಡ್ ಇದೆ ಎಂದು ಮಾರುವ ಅಗ್ಗದ ಪ್ರೊಜೆಕ್ಟರುಗಳಿಗೆ ಓಟಿಟಿಯವರ ಮಾನ್ಯತೆ ಇಲ್ಲದಿದ್ದರೆ ಆ್ಯಪ್ ತೆರೆದರೂ ಚಿತ್ರ ಎಚ್‌ಡಿಯಿಂದ ಕೆಳಗಿಳಿಯುತ್ತದೆ. ಫೋನಿನ ಪರದೆಯನ್ನು ಹಾಗೇ ಬಿಂಬಿಸಲು ಹೋದರೆ ಬರೀ ಕಪ್ಪು. ಡಿಡಿ ಸ್ಪೋರ್ಟ್ಸ್‌ನಲ್ಲಿ, 2007ರ ಕ್ರೀಡಾ ಪ್ರಸಾರ ಹಂಚಿಕೆ ಕಾಯ್ದೆಯಿಂದಾಗಿ, ಭಾರತ ಇಲ್ಲಿ ಆಡುವ ಏಕದಿನ, ಟಿ20 ಪಂದ್ಯಗಳು ಫ್ರೀ ಡಿಶ್‌ಗೆ ಬರುತ್ತವೆ; ಐಪಿಎಲ್ ಆ ಪಟ್ಟಿಯಲ್ಲಿಲ್ಲ. ಎಸ್‌ಡಿ, ಅಂದರೆ ಎಚ್‌ಡಿಗಿಂತ ಕಡಿಮೆ ಚುಕ್ಕೆಯ ಚಿತ್ರ ಮನೆಯ ಟಿವಿಯಲ್ಲಿ ನಡೆದೀತು, 120 ಇಂಚಿಗೆ ಹಿಗ್ಗಿಸಿದರೆ ಆಟಗಾರರು ಮಂಜಿನಲ್ಲಿ ಆಡಿದಂತೆ.

ಮನೆಯ ಡಿಟಿಎಚ್ ಕಾರ್ಡನ್ನು ಕ್ಲಬ್ಬಿಗೆ ತಂದು ಹಾಕುವ ಚಾಳಿ ಬೇಡ. ವಾಣಿಜ್ಯ ಕನೆಕ್ಷನ್ ಕೇಳಿ. ಟಿಕೆಟ್ಟಂತೂ ಇಡಲೇಬೇಡಿ. ಪ್ರಸಾರವನ್ನು ದುಡ್ಡು ಪಡೆದು ಸಾರ್ವಜನಿಕರಿಗೆ ತೋರಿಸಲು ಲೈಸೆನ್ಸ್ ಇರಬೇಕು ಎನ್ನುವುದು 1957ರ ಕಾಪಿರೈಟ್ ಕಾಯ್ದೆಯ 37ನೇ ಕಲಮು.

ಪ್ರೊಜೆಕ್ಟರಿನ ಒಳಗಿನ ಸ್ಪೀಕರ್ ಐವತ್ತು ಮಂದಿಯ ಕೂಗಿನ ಮುಂದೆ ಸೊಳ್ಳೆ. ಕ್ಲಬ್ಬಿನ ಹಳೆ ಆಂಪ್ಲಿಫೈಯರಿಗೆ ಸೆಟ್ ಟಾಪ್ ಬಾಕ್ಸಿನಿಂದಲೇ ವೈರ್ ಎಳೆಯಿರಿ. ಬ್ಲೂಟೂತ್‌ನಲ್ಲಿ ಬ್ಯಾಟಿಗೆ ಚೆಂಡು ತಾಗಿದ ಮೇಲೆ ಟಪ್ ಎನ್ನುತ್ತದೆ. ಫರಸಿ ನೆಲದ ಹಾಲ್ ಆದರೆ ಜಮಖಾನ ಹಾಸಿ, ಇಲ್ಲದಿದ್ದರೆ ಕಾಮೆಂಟರಿ ಗೋಳಗುಮ್ಮಟದೊಳಗಿಂದ ಬಂದಂತೆ ಕೇಳುತ್ತದೆ.

ದರ ಕುದುರಿದ ಮೇಲೂ ಮುಂಗಡ ಕೊಡುವ ಮೊದಲು ಯಂತ್ರವನ್ನು ಒಂದು ಮಧ್ಯಾಹ್ನ ನಿಮ್ಮ ಹಾಲ್‌ಗೇ ತಂದು ತೋರಿಸಲು ಹೇಳಿ. ಅಂಗಡಿಯ ಕತ್ತಲೆ ಕೋಣೆಯಲ್ಲಿ ಎಲ್ಲವೂ ಚೆಂದ. ನಮ್ಮ ಊರಿನ ಒಬ್ಬರು ಬರುವುದಿಲ್ಲ ಎಂದರು, ಇನ್ನೊಬ್ಬರು ಬಂದರು, ಬಂದವರಿಂದ ಕೊಂಡೆವು. ಮೂರೂವರೆಗೆ ಕಿಟಕಿಯ ಬಟ್ಟೆ ಎಳೆದು, ಫ್ಯಾನ್ ತಿರುಗಿಸಿ, ಕಾಕಾನನ್ನು ಕೊನೆಯ ಸಾಲಿನ ಕುರ್ಚಿಯಲ್ಲಿ ಕೂರಿಸಿ, ಕೆಳಗಿನ ಪಟ್ಟಿಯಲ್ಲಿ ಬೇಕಾದ ರನ್ ರೇಟ್ ಎಷ್ಟಿದೆ ಓದಿರಿ ಎಂದೆವು. ಕನ್ನಡಕ ಒರೆಸಿಕೊಂಡು ಓದಿದರು: "ಒಂಬತ್ತು ಪಾಯಿಂಟ್ ನಾಕು. ಆಗೂದಿಲ್ಲ ಬಿಡ್ರಿ, ಸೋಲತಾರ."